ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆ: ಅಪರಾಧ ದಾಖಲೆ ಮತ್ತು ಉದ್ಯೋಗದ ಮೇಲೆ ಅದರ ಪರಿಣಾಮ
ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ

ಸರ್ಕಾರಿ ನೌಕರಿಗೆ ಆಯ್ಕೆಯಾದವರು, ಬ್ಯಾಂಕು ಅಥವಾ ಖಾಸಗಿ ಸಂಸ್ಥೆಗೆ ಸೇರುವವರು ಹಾಗೂ ದುಡಿಮೆಗಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೊರಟವರು ಪೊಲೀಸ್ ಪರಿಶೀಲನೆಗೆ ಒಳಪಡಬೇಕಾಗುತ್ತದೆ. ಇವರಲ್ಲಿ ಕೆಲವರ ಮೇಲೆ ಹಿಂದೆ ಯಾವುದಾದರೊಂದು ಮೊಕದ್ದಮೆ ನಡೆದು, ನ್ಯಾಯಾಲಯವು ಜೈಲುಶಿಕ್ಷೆ ವಿಧಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿರುತ್ತದೆ. ಅಂತಹ ಅರ್ಜಿದಾರರು "ನನಗೆ ಶಿಕ್ಷೆಯೇ ಆಗಿಲ್ಲ, ಆದುದರಿಂದ ನನ್ನ ಹೆಸರಿನಲ್ಲಿ ದಾಖಲೆಯೂ ಇಲ್ಲ" ಎಂದು ಭಾವಿಸಿ, ಅರ್ಜಿಯ ಸಂಬಂಧಪಟ್ಟ ಅಂಕಣದಲ್ಲಿ "ಇಲ್ಲ" ಎಂದು ಬರೆಯುವುದುಂಟು. ಹಳೆಯ ಮೊಕದ್ದಮೆಗಿಂತ ಹೆಚ್ಚಿನ ಹಾನಿಯನ್ನು ಈ ಒಂದು ಪದವೇ ಉಂಟುಮಾಡಬಲ್ಲದು. ಆದ ಕಾರಣ ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾನೂನಿನ ಹಿನ್ನೆಲೆ

ಮೊದಲ ಬಾರಿ ತಪ್ಪು ಮಾಡಿದವರನ್ನು ಜೈಲಿಗೆ ಕಳುಹಿಸದೆ ತಿದ್ದುವ ಉದ್ದೇಶದಿಂದ ಸಂಸತ್ತು 1958ರಲ್ಲಿ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮವನ್ನು ಜಾರಿಗೆ ತಂದಿತು. ವಕೀಲರೂ ನ್ಯಾಯಾಲಯದ ಸಿಬ್ಬಂದಿಯೂ ಇದನ್ನು ಸಾಮಾನ್ಯವಾಗಿ ಪ್ರೊಬೇಷನ್ ಕಾಯ್ದೆ ಎಂದು ಕರೆಯುತ್ತಾರೆ. ಈ ಅಧಿನಿಯಮದಲ್ಲಿ ಬಿಡುಗಡೆಗೆ ಎರಡು ಮಾರ್ಗಗಳಿವೆ.

ಕಲಂ 3ರ ಪ್ರಕಾರ, ಕಳವು, ವಂಚನೆ ಮುಂತಾದ ಹೆಸರಿಸಲಾದ ಕೆಲವು ಅಪರಾಧಗಳಲ್ಲಿ, ಅಥವಾ ಎರಡು ವರ್ಷಗಳಿಗೆ ಮೀರದ ಕಾರಾವಾಸ ಇಲ್ಲವೇ ದಂಡಕ್ಕೆ ಗುರಿಯಾಗಬಹುದಾದ ಅಪರಾಧದಲ್ಲಿ, ಹಿಂದೆ ಅಪರಾಧ ನಿರ್ಣಯವಾಗಿರದ ವ್ಯಕ್ತಿಗೆ ಯುಕ್ತ ಎಚ್ಚರಿಕೆ ನೀಡಿ ಬಿಟ್ಟುಬಿಡಬಹುದು. ಕಲಂ 4ರ ವ್ಯಾಪ್ತಿ ಇನ್ನೂ ವಿಶಾಲವಾದುದು. ಮರಣದಂಡನೆ ಅಥವಾ ಆಜೀವ ಕಾರಾವಾಸಕ್ಕೆ ಗುರಿಪಡಿಸಲಾಗದ ಯಾವುದೇ ಅಪರಾಧದಲ್ಲಿ, ಅಪರಾಧದ ಸ್ವರೂಪ ಹಾಗೂ ವ್ಯಕ್ತಿಯ ನಡತೆಯನ್ನು ಗಮನಿಸಿ, ಮೂರು ವರ್ಷಗಳಿಗೆ ಮೀರದ ಅವಧಿಗೆ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಬಹುದು. ಈ ಅವಧಿಯಲ್ಲಿ ಆತನು ಶಾಂತಿಯಿಂದಲೂ ಸನ್ನಡತೆಯಿಂದಲೂ ಇರತಕ್ಕದ್ದು ಹಾಗೂ ಕರೆದಾಗ ನ್ಯಾಯಾಲಯಕ್ಕೆ ಬಂದು ಶಿಕ್ಷೆಯನ್ನು ಸ್ವೀಕರಿಸತಕ್ಕದ್ದು. ಆತನಿಗಾಗಲಿ ಆತನ ಜಾಮೀನುದಾರನಿಗಾಗಲಿ ಸ್ಥಿರವಾದ ವಾಸಸ್ಥಳ ಅಥವಾ ನಿಯತ ಉದ್ಯೋಗ ಇರಬೇಕೆಂಬ ಷರತ್ತೂ ಇದೆ. ಅವಶ್ಯವೆನಿಸಿದಲ್ಲಿ ನ್ಯಾಯಾಲಯವು ಕನಿಷ್ಠ ಒಂದು ವರ್ಷದ ಕಾಲ ಆತನನ್ನು ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಇರಿಸಬಹುದು.

ಇಪ್ಪತ್ತೊಂದು ವರ್ಷ ತುಂಬದವರಿಗೆ ಕಲಂ 6 ವಿಶೇಷ ರಕ್ಷಣೆ ನೀಡುತ್ತದೆ. ಆಜೀವ ಕಾರಾವಾಸಕ್ಕೆ ಗುರಿಪಡಿಸಲಾಗದ ಅಪರಾಧವಾಗಿದ್ದಲ್ಲಿ, ಕಲಂ 3 ಅಥವಾ 4ನ್ನು ಅನ್ವಯಿಸುವುದು ಸೂಕ್ತವಲ್ಲವೆಂದು ಮನದಟ್ಟಾದ ಹೊರತು ಅವರಿಗೆ ಕಾರಾವಾಸ ವಿಧಿಸತಕ್ಕದ್ದಲ್ಲ. ವಿಧಿಸಿದರೆ ಕಾರಣಗಳನ್ನು ಬರವಣಿಗೆಯಲ್ಲಿ ದಾಖಲಿಸತಕ್ಕದ್ದು. ಇದಕ್ಕಾಗಿ ಪರಿವೀಕ್ಷಣಾಧಿಕಾರಿಯ ವರದಿಯನ್ನು ತರಿಸಿಕೊಳ್ಳಬೇಕಾಗುತ್ತದೆ. ಕಾಲೇಜು ವಿದ್ಯಾರ್ಥಿಗಳ ನಡುವಿನ ಹೊಡೆದಾಟದಂತಹ ಪ್ರಕರಣಗಳಲ್ಲಿ ಪೋಷಕರು ನೆನಪಿನಲ್ಲಿಡಬೇಕಾದ ಕಲಂ ಇದು.

1973ರ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 360 ಮತ್ತು 361ರಲ್ಲಿಯೂ ಇದೇ ಬಗೆಯ ಅವಕಾಶವಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 401 ಮತ್ತು 402 ಅವುಗಳ ಸ್ಥಾನದಲ್ಲಿವೆ. ಆದರೆ ಮುಂದೆ ವಿವರಿಸಲಿರುವ ಅನರ್ಹತೆಯ ನಿವಾರಣೆಯು ಪ್ರೊಬೇಷನ್ ಕಾಯ್ದೆಯ ಕಲಂ 3 ಮತ್ತು 4ಕ್ಕೆ ಮಾತ್ರ ಸ್ಪಷ್ಟವಾಗಿ ಹೇಳಲ್ಪಟ್ಟಿದೆ. ಆದುದರಿಂದ ಆದೇಶವು ಯಾವ ಕಾಯ್ದೆಯ ಯಾವ ಕಲಮಿನಡಿ ಆಗಿದೆ ಎಂಬುದನ್ನು ಪ್ರತಿಯಲ್ಲಿ ಓದಿ ತಿಳಿದುಕೊಳ್ಳತಕ್ಕದ್ದು.

ವಿದೇಶಗಳಲ್ಲಿ ಬಂಧುಗಳಿರುವ ಕುಟುಂಬಗಳು ಅಮೆರಿಕದ ಕೆಲವು ರಾಜ್ಯಗಳಲ್ಲಿರುವ ಬೇರೊಂದು ಪದ್ಧತಿಯ ಬಗ್ಗೆ ಕೇಳಿರಬಹುದು. ಉದಾಹರಣೆಗೆ ಟೆಕ್ಸಾಸ್ ರಾಜ್ಯದಲ್ಲಿ ನ್ಯಾಯಾಲಯವು ಅಪರಾಧ ನಿರ್ಣಯವನ್ನೇ ಮುಂದೂಡಿ, ಆರೋಪಿಯನ್ನು ಷರತ್ತುಗಳ ಮೇಲೆ ಇರಿಸಿ, ಷರತ್ತುಗಳು ಪೂರ್ಣಗೊಂಡಾಗ ಮೊಕದ್ದಮೆಯನ್ನು ವಜಾಗೊಳಿಸಬಹುದು. ನಮ್ಮಲ್ಲಿ ಹಾಗಲ್ಲ. ಪ್ರೊಬೇಷನ್ ಕಾಯ್ದೆಯಡಿ ನ್ಯಾಯಾಲಯವು ಮೊದಲು "ತಪ್ಪಿತಸ್ಥ" ಎಂದು ನಿರ್ಣಯಿಸುತ್ತದೆ. ಮುಂದೂಡುವುದು ಶಿಕ್ಷೆಯನ್ನು ಮಾತ್ರ. ಈ ಪುಟದ ಉಳಿದೆಲ್ಲ ವಿಷಯಗಳೂ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಯಾವುದು ಅಳಿಯುತ್ತದೆ, ಯಾವುದು ಉಳಿಯುತ್ತದೆ

ಅಧಿನಿಯಮದ ಕಲಂ 12ರ ತಾತ್ಪರ್ಯ ಹೀಗಿದೆ: ಬೇರೆ ಯಾವುದೇ ಕಾನೂನಿನಲ್ಲಿ ಏನೇ ಇದ್ದರೂ, ಕಲಂ 3 ಅಥವಾ 4ರಡಿ ಬಿಡುಗಡೆಯಾದ ವ್ಯಕ್ತಿಯು, ಅಪರಾಧ ನಿರ್ಣಯದ ಕಾರಣಕ್ಕೆ ಆ ಕಾನೂನಿನಡಿ ಒದಗುವ ಅನರ್ಹತೆಗೆ ಒಳಗಾಗತಕ್ಕದ್ದಲ್ಲ. ಆದರೆ ಕಲಂ 4ರಡಿ ಬಿಡುಗಡೆಯಾದವನು ಮುಚ್ಚಳಿಕೆಯನ್ನು ಮುರಿದು, ತರುವಾಯ ಮೂಲ ಅಪರಾಧಕ್ಕಾಗಿಯೇ ಶಿಕ್ಷೆಗೊಳಗಾದರೆ ಈ ರಕ್ಷಣೆ ಇಲ್ಲವಾಗುತ್ತದೆ.

ಇಲ್ಲಿ ಅಳಿಯುವುದು ಅನರ್ಹತೆ, ಅಪರಾಧ ನಿರ್ಣಯವಲ್ಲ. ದಕ್ಷಿಣ ರೈಲ್ವೆಯ ನೌಕರರೊಬ್ಬರಿಗೆ ಸಂಬಂಧಿಸಿದ 1975ರ ತೀರ್ಪಿನಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಪ್ರೊಬೇಷನ್ ಮೇಲಿನ ಬಿಡುಗಡೆಯು ಅಪರಾಧ ನಿರ್ಣಯವನ್ನು ಒರೆಸಿಹಾಕುವುದಿಲ್ಲವೆಂದು ತಿಳಿಸಿದೆ. ಆದುದರಿಂದ ನ್ಯಾಯಾಲಯದ ಕಡತದಲ್ಲಿ, ಪೊಲೀಸ್ ಠಾಣೆಯ ದಾಖಲೆಯಲ್ಲಿ ಮತ್ತು ಇ-ಕೋರ್ಟ್ಸ್ ಜಾಲತಾಣದಲ್ಲಿ ಮೊಕದ್ದಮೆಯ ವಿವರ ಉಳಿದಿರುತ್ತದೆ. ವಯಸ್ಕರ ವಿಷಯದಲ್ಲಿ ಇಂತಿಷ್ಟು ವರ್ಷಗಳ ನಂತರ ದಾಖಲೆಯನ್ನು ನಾಶಪಡಿಸಬೇಕೆಂದು ಪ್ರೊಬೇಷನ್ ಕಾಯ್ದೆಯು ಎಲ್ಲಿಯೂ ಹೇಳಿಲ್ಲ. ಬೆರಳಚ್ಚು ಮುಂತಾದ ಗುರುತಿನ ವಿವರಗಳ ಸ್ಥಿತಿಯೂ ಇದೇ. 2022ರ ದಂಡ ಪ್ರಕ್ರಿಯಾ ಗುರುತಿಸುವಿಕೆ ಅಧಿನಿಯಮದ ಪ್ರಕಾರ ಅವುಗಳನ್ನು 75 ವರ್ಷಗಳ ಕಾಲ ಇಡಬಹುದಾಗಿದೆ. ಹಿಂದೆ ಅಪರಾಧ ನಿರ್ಣಯವಾಗಿರದ ವ್ಯಕ್ತಿಯು ವಿಚಾರಣೆಯಿಲ್ಲದೆ ಬಿಡುಗಡೆಯಾದಾಗ, ಆರೋಪದಿಂದ ಮುಕ್ತನಾದಾಗ ಅಥವಾ ಅಂತಿಮವಾಗಿ ಖುಲಾಸೆಯಾದಾಗ ಅವುಗಳನ್ನು ನಾಶಪಡಿಸಲು ಆ ಅಧಿನಿಯಮ ಅವಕಾಶ ನೀಡುತ್ತದೆ. ಪ್ರೊಬೇಷನ್ ಈ ಮೂರರಲ್ಲಿ ಯಾವುದೂ ಅಲ್ಲ.

ಇನ್ನೊಂದು ಪರಿಣಾಮವನ್ನೂ ಗಮನಿಸತಕ್ಕದ್ದು. ಕಲಂ 3ರ ವಿವರಣೆಯ ಪ್ರಕಾರ, ಹಿಂದೆ ಕಲಂ 3 ಅಥವಾ 4ರಡಿ ಆದ ಆದೇಶವನ್ನೂ "ಹಿಂದಿನ ಅಪರಾಧ ನಿರ್ಣಯ"ವೆಂದೇ ಪರಿಗಣಿಸಲಾಗುತ್ತದೆ. ಎರಡನೆಯ ಬಾರಿ ಎಚ್ಚರಿಕೆಯ ಮೇಲೆ ಬಿಡುಗಡೆ ಕೇಳಲು ಅವಕಾಶವಿಲ್ಲ.

ಮಕ್ಕಳ ವಿಷಯ ಬೇರೆ. ಅಪರಾಧ ನಡೆದಾಗ 18 ವರ್ಷ ತುಂಬಿರದವರಿಗೆ 2015ರ ಬಾಲನ್ಯಾಯ ಕಾಯ್ದೆಯ ಕಲಂ 24 ಅನ್ವಯಿಸುತ್ತದೆ. ಅವರು ಯಾವುದೇ ಅನರ್ಹತೆಗೆ ಒಳಗಾಗುವುದಿಲ್ಲ. ನಿಗದಿತ ಅವಧಿಯ ನಂತರ ದಾಖಲೆಯನ್ನು ನಾಶಪಡಿಸಲು ಆದೇಶಿಸಬೇಕೆಂದೂ ಕಾನೂನು ಹೇಳುತ್ತದೆ. 16 ವರ್ಷ ಮೇಲ್ಪಟ್ಟವರನ್ನು ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಿಸಿದ ಪ್ರಕರಣಗಳಿಗೆ ಮಾತ್ರ ಈ ರಿಯಾಯಿತಿ ಇಲ್ಲ.

ದಂಡ ಕಟ್ಟಿ ಮುಗಿಸಿದ ಪ್ರಕರಣಗಳು

ನಮ್ಮ ತಾಲ್ಲೂಕುಗಳಲ್ಲಿ ಹೆಚ್ಚಿನ ಗೊಂದಲ ಹುಟ್ಟುವುದು ದೊಡ್ಡ ಅಪರಾಧಗಳಿಂದಲ್ಲ, ಸಣ್ಣವುಗಳಿಂದ. ಕೋಳಿ ಅಂಕದಲ್ಲಿ ಪಣ ಕಟ್ಟಿದ್ದಕ್ಕೆ, ಇಸ್ಪೀಟು ಜೂಜಿಗೆ, ಜಾಗದ ಗಡಿಯ ತಂಟೆಯಲ್ಲಿ ನಡೆದ ನೂಕಾಟಕ್ಕೆ, ಅಜಾಗರೂಕತೆಯ ವಾಹನ ಚಾಲನೆಗೆ ಮೊಕದ್ದಮೆ ದಾಖಲಾಗುತ್ತದೆ. ಬೆಳ್ಳಾರೆಯಿಂದಲೋ ಸುಬ್ರಹ್ಮಣ್ಯದಿಂದಲೋ ಪ್ರತಿ ವಾಯಿದೆಗೆ ತೋಟದ ಕೆಲಸ ಬಿಟ್ಟು ಬಸ್ಸು ಹಿಡಿದು ನ್ಯಾಯಾಲಯಕ್ಕೆ ಬರುವುದು ಕಷ್ಟ. ಆದುದರಿಂದ ಅನೇಕರು ಮೊದಲ ವಾಯಿದೆಯಲ್ಲಿಯೇ ತಪ್ಪೊಪ್ಪಿಕೊಂಡು, ಕೆಲವು ನೂರು ಅಥವಾ ಸಾವಿರ ರೂಪಾಯಿ ದಂಡ ಕಟ್ಟಿ, "ಕೇಸು ಮುಗಿಯಿತು" ಎಂದು ಮನೆಗೆ ಹೋಗುತ್ತಾರೆ.

ಕೇಸು ಮುಗಿದದ್ದು ನಿಜ. ಆದರೆ ತಪ್ಪೊಪ್ಪಿಗೆಯ ಮೇಲೆ ದಂಡ ವಿಧಿಸುವುದೆಂದರೆ ಅಪರಾಧ ನಿರ್ಣಯವೂ ಆಗಿದೆ, ಶಿಕ್ಷೆಯೂ ಆಗಿದೆ ಎಂದರ್ಥ. ಕಲಂ 12ರ ರಕ್ಷಣೆಯು ಶಿಕ್ಷೆಗೆ ಬದಲಾಗಿ ಕಲಂ 3 ಅಥವಾ 4ರಡಿ ಬಿಡುಗಡೆಯಾದವರಿಗೆ ಮಾತ್ರ ದೊರೆಯುತ್ತದೆ. ಹೀಗೆ ಐನೂರು ರೂಪಾಯಿ ದಂಡ ಕಟ್ಟಿದ ಯುವಕನ ಸ್ಥಿತಿಯು, ಅದಕ್ಕಿಂತ ಗಂಭೀರ ಅಪರಾಧದಲ್ಲಿ ಮುಚ್ಚಳಿಕೆ ಬರೆದುಕೊಟ್ಟು ಬಿಡುಗಡೆಯಾದವನ ಸ್ಥಿತಿಗಿಂತ ಕೆಲವೊಮ್ಮೆ ದುರ್ಬಲವಾಗಿರುತ್ತದೆ. ಇದು ವಿಚಿತ್ರವೆನಿಸಬಹುದು; ಆದರೂ ಕಾನೂನಿನ ಸ್ಥಿತಿ ಇದು.

ಹರಿಯಾಣದಲ್ಲಿ ಕೆಳದರ್ಜೆಯ ನೌಕರರೊಬ್ಬರು ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ವರ್ತನೆಯ ಆರೋಪವನ್ನು ಒಪ್ಪಿಕೊಂಡು 20 ರೂಪಾಯಿ ದಂಡ ಕಟ್ಟಿದ್ದರು. ಆ ಕಾರಣಕ್ಕೆ ಅವರನ್ನು ಸೇವೆಯಿಂದ ತೆಗೆಯಲಾಯಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪು ನೀಡಿತು. ಅಷ್ಟೇ ಅಲ್ಲದೆ, ಸಂಕ್ಷಿಪ್ತ ವಿಚಾರಣೆಯಲ್ಲಿ 2,000 ರೂಪಾಯಿಯವರೆಗಿನ ದಂಡಕ್ಕೆ ಗುರಿಯಾದ ಸಣ್ಣ ಪ್ರಕರಣಗಳನ್ನು ಸರ್ಕಾರಿ ಸೇವೆಯ ಮಟ್ಟಿಗೆ ಅಪರಾಧ ನಿರ್ಣಯವೆಂದು ಪರಿಗಣಿಸದಂತೆ ಸಂಸತ್ತು ಕ್ರಮ ಕೈಗೊಳ್ಳುವುದು ಒಳ್ಳೆಯದೆಂದೂ ಅಭಿಪ್ರಾಯಪಟ್ಟಿತು. ತೀರ್ಪು ಆ ನೌಕರರ ಕೈಹಿಡಿಯಿತು, ದಿಟ. ಆದರೆ ಇಪ್ಪತ್ತು ರೂಪಾಯಿಯ ದಂಡಕ್ಕಾಗಿ ಅವರು ದೆಹಲಿಯವರೆಗೆ ಹೋಗಬೇಕಾಯಿತು ಎಂಬುದನ್ನು ಮರೆಯುವಂತಿಲ್ಲ.

ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೊಸದಾಗಿ ಸೇರಿಸಲಾದ ಸಮುದಾಯ ಸೇವೆಯ ಬಗ್ಗೆಯೂ ಇದೇ ಎಚ್ಚರಿಕೆ ಸಲ್ಲುತ್ತದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವಿನಲ್ಲಿ ಮೊದಲ ಬಾರಿ ತಪ್ಪಿತಸ್ಥನಾದವನು ವಸ್ತುವನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದಲ್ಲಿ ಆತನಿಗೆ ಸಮುದಾಯ ಸೇವೆಯನ್ನು ವಿಧಿಸಲಾಗುತ್ತದೆ. ಜೈಲು ತಪ್ಪುತ್ತದೆ. ಆದರೆ ಸಂಹಿತೆಯ ಕಲಂ 4ರಲ್ಲಿ ಸಮುದಾಯ ಸೇವೆಯು ಶಿಕ್ಷೆಗಳ ಪಟ್ಟಿಯಲ್ಲಿಯೇ ಇದೆ. ಪ್ರೊಬೇಷನ್ ಬೇರೆ, ಇದು ಬೇರೆ.

ಆದ ಕಾರಣ, ನೌಕರಿಯ ನಿರೀಕ್ಷೆಯಲ್ಲಿರುವವರು ಅಥವಾ ಅವರ ಪೋಷಕರು, ತಪ್ಪೊಪ್ಪಿಕೊಳ್ಳುವ ಮೊದಲು ವಕೀಲರೊಡನೆ ಈ ವಿಷಯಗಳನ್ನು ಚರ್ಚಿಸುವುದು ಉಚಿತ: ಪ್ರಕರಣವು ರಾಜಿಗೆ ಅರ್ಹವೇ? ಅರ್ಹವಾಗಿದ್ದು ದೂರುದಾರರೊಡನೆ ಕಾನೂನುಬದ್ಧವಾಗಿ ರಾಜಿಯಾದರೆ ಅದರ ಪರಿಣಾಮ ಖುಲಾಸೆಯೇ ಆಗಿರುತ್ತದೆ. ಇದು ದಂಡಕ್ಕಿಂತಲೂ ಪ್ರೊಬೇಷನ್‌ಗಿಂತಲೂ ಉತ್ತಮ ಸ್ಥಿತಿ. ರಾಜಿ ಸಾಧ್ಯವಿಲ್ಲದಿದ್ದಲ್ಲಿ, ದಂಡದ ಬದಲು ಕಲಂ 3ರಡಿ ಎಚ್ಚರಿಕೆ ನೀಡಿ ಬಿಡುವಂತೆ ಕೋರಬಹುದೇ? ನ್ಯಾಯಾಲಯವು ಒಪ್ಪಲೇಬೇಕೆಂದಿಲ್ಲ, ಆದರೆ ಕೋರಿಕೆ ದಾಖಲಾಗಿರುವುದು ಮುಖ್ಯ. ತಪ್ಪೇ ಮಾಡಿರದವರು ಅಲೆದಾಟ ತಪ್ಪಿಸಿಕೊಳ್ಳುವ ಸಲುವಾಗಿ ತಪ್ಪೊಪ್ಪಿಕೊಳ್ಳುವುದು ಸರ್ವಥಾ ಸಲ್ಲದು.

ಪ್ರೊಬೇಷನ್ ದೊರೆಯದ ಪ್ರಕರಣಗಳು

ಭ್ರಷ್ಟಾಚಾರ ತಡೆ ಕಾಯ್ದೆಯ ಪ್ರಕರಣಗಳಲ್ಲಿ ಇದರ ಪ್ರಯೋಜನ ಸಿಗದು. ಜನರ ಪ್ರಾಣಹಾನಿಗೆ ಕಾರಣವಾದ ಅಜಾಗರೂಕ ಚಾಲನೆಯಲ್ಲಿ ಚಾಲಕರಿಗೆ ಪ್ರೊಬೇಷನ್ ನೀಡುವುದು ಸರಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2000ನೇ ಇಸವಿಯಲ್ಲಿ ಹೇಳಿದೆ. ಬಸ್ಸು, ಜೀಪು ಹಾಗೂ ಪಿಕಪ್ ವಾಹನಗಳ ಚಾಲಕರಾಗಿ ಜೀವನ ಸಾಗಿಸುವವರು ಇದನ್ನು ಅರಿತಿರಬೇಕು. ಮಾದಕವಸ್ತುಗಳ 1985ರ ಕಾಯ್ದೆಯ ಕಲಂ 33 ಸಾಮಾನ್ಯವಾಗಿ ಪ್ರೊಬೇಷನ್ನನ್ನು ನಿಷೇಧಿಸಿದ್ದು, ಸೇವನೆಗೆ ಸಂಬಂಧಿಸಿದ ಕಲಂ 27ರ ಪ್ರಕರಣಗಳನ್ನು ಹೊರತುಪಡಿಸಿದೆ. ಇದಲ್ಲದೆ ಕಲಂ 39ರ ಪ್ರಕಾರ, ವ್ಯಸನಿಯಾದ ವ್ಯಕ್ತಿಯನ್ನು ಆತನ ಒಪ್ಪಿಗೆಯ ಮೇರೆಗೆ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗಾಗಿ ಮುಚ್ಚಳಿಕೆಯ ಮೇಲೆ ಬಿಟ್ಟು, ಒಂದು ವರ್ಷದೊಳಗೆ ಚಿಕಿತ್ಸೆಯ ವರದಿಯನ್ನು ತರಿಸಿಕೊಂಡು ಮುಂದಿನ ಆದೇಶ ಮಾಡಬಹುದು. ಮಗನ ವ್ಯಸನವನ್ನು ಮುಚ್ಚಿಡುವ ಕುಟುಂಬಗಳಿಗೆ ಈ ಕಲಮಿನ ಅರಿವು ಇರುವುದಿಲ್ಲ.

ಅರ್ಜಿಯ ಅಂಕಣವನ್ನು ತುಂಬುವ ಬಗೆ

ಸರ್ಕಾರಿ ನೇಮಕಾತಿಯ ದೃಢೀಕರಣ ನಮೂನೆಗಳಲ್ಲಿ ಕೇಳಲಾಗುವ ಪ್ರಶ್ನೆ ಒಂದೇ ಅಲ್ಲ. ಕೇಂದ್ರ ಸರ್ಕಾರದ ನಮೂನೆಯು, ನೀವು ಎಂದಾದರೂ ಬಂಧಿತರಾಗಿದ್ದೀರಾ, ನಿಮ್ಮ ಮೇಲೆ ಮೊಕದ್ದಮೆ ನಡೆದಿದೆಯೇ, ಮುಚ್ಚಳಿಕೆಗೆ ಒಳಪಡಿಸಲಾಗಿದೆಯೇ, ದಂಡ ವಿಧಿಸಲಾಗಿದೆಯೇ, ಅಪರಾಧ ನಿರ್ಣಯವಾಗಿದೆಯೇ ಎಂದು ಬಿಡಿಬಿಡಿಯಾಗಿ ಕೇಳುತ್ತದೆ. ಪ್ರೊಬೇಷನ್ ಮೇಲೆ ಬಿಡುಗಡೆಯಾದವರ ಪಾಲಿಗೆ ಇವುಗಳಲ್ಲಿ ಮೂರು ನಾಲ್ಕು ಪ್ರಶ್ನೆಗಳ ಉತ್ತರ "ಹೌದು" ಎಂದೇ ಆಗಿರುತ್ತದೆ. ಸುಳ್ಳು ಮಾಹಿತಿ ನೀಡಿದರೆ ಅಥವಾ ಮಾಹಿತಿಯನ್ನು ಮರೆಮಾಚಿದರೆ ಅದುವೇ ಅನರ್ಹತೆಯಾಗುತ್ತದೆಂಬ ಎಚ್ಚರಿಕೆಯೂ ನಮೂನೆಯ ಆರಂಭದಲ್ಲಿರುತ್ತದೆ.

ಈ ಸ್ಥಳದಲ್ಲಿ ಅರ್ಜಿದಾರರು ತಾವೇ ತಮ್ಮ ರಕ್ಷಣೆಯನ್ನು ಕೈಚೆಲ್ಲುವ ಸಂಭವ ಹೆಚ್ಚು. ಕಲಂ 12ರಿಂದಾಗಿ ಹಳೆಯ ಅಪರಾಧವು ಅವರನ್ನು ಅನರ್ಹಗೊಳಿಸುವುದಿಲ್ಲ. ಆದರೆ ಆ ಅಪರಾಧವನ್ನು ಬಚ್ಚಿಟ್ಟದ್ದಕ್ಕೆ ಕಲಂ 12ರಲ್ಲಿ ಯಾವ ರಕ್ಷಣೆಯೂ ಇಲ್ಲ.

2016ರ ಜುಲೈ 21ರಂದು ಅವತಾರ್ ಸಿಂಗ್ ವಿರುದ್ಧ ಭಾರತ ಒಕ್ಕೂಟ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು ಈ ಬಗ್ಗೆ ವಿವರವಾದ ಮಾರ್ಗಸೂಚಿ ನೀಡಿದೆ. ಅಭ್ಯರ್ಥಿಯು ಬಂಧನ, ಮೊಕದ್ದಮೆ, ಅಪರಾಧ ನಿರ್ಣಯ ಅಥವಾ ಖುಲಾಸೆಯ ಬಗ್ಗೆ ನೀಡುವ ಮಾಹಿತಿ ಸತ್ಯವಾಗಿರತಕ್ಕದ್ದು. ಮರೆಮಾಚಿದ ಸಂಗತಿಯು ಕ್ಷುಲ್ಲಕವಾಗಿದ್ದರೆ, ಉದಾಹರಣೆಗೆ ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಸಣ್ಣ ಪ್ರಕರಣವಾಗಿದ್ದರೆ, ನೇಮಕಾತಿ ಪ್ರಾಧಿಕಾರವು ತನ್ನ ವಿವೇಚನೆಯಿಂದ ಮನ್ನಿಸಬಹುದು. ಸತ್ಯವನ್ನು ತಿಳಿಸಿದ ಮಾತ್ರಕ್ಕೆ ನೇಮಕ ಮಾಡಲೇಬೇಕೆಂದಿಲ್ಲ. ಪ್ರಾಧಿಕಾರವು ಹುದ್ದೆಯ ಸ್ವರೂಪವನ್ನು ಗಮನಿಸಿ ಪೂರ್ವಾಪರವನ್ನು ಪರಿಶೀಲಿಸಬಹುದು. ನಮೂನೆಯಲ್ಲಿ ನಿರ್ದಿಷ್ಟವಾಗಿ ಕೇಳಿರದ ಸಂಗತಿಯನ್ನು ತಿಳಿಸಲಿಲ್ಲವೆಂಬ ಕಾರಣಕ್ಕೆ ಮರೆಮಾಚಿದನೆಂದು ಹೇಳಲಾಗದು.

ಈ ತೀರ್ಪನ್ನು ಓದಿದವರಿಗೆ, ಸತ್ಯ ಹೇಳಿದರೂ ಅಪಾಯ, ಹೇಳದಿದ್ದರೂ ಅಪಾಯ ಎನಿಸಬಹುದು. ಎರಡೂ ಒಂದೇ ಬಗೆಯ ಅಪಾಯವಲ್ಲ. ಸತ್ಯ ಹೇಳಿದವನನ್ನು ತಿರಸ್ಕರಿಸುವ ಪ್ರಾಧಿಕಾರವು ಕಾರಣ ಕೊಡಬೇಕಾಗುತ್ತದೆ; ಕಲಂ 12ನ್ನು ಮುಂದಿಟ್ಟು ಆ ಕಾರಣವನ್ನು ಪ್ರಶ್ನಿಸಬಹುದು. ಬಚ್ಚಿಟ್ಟವನ ವಿಷಯದಲ್ಲಿ ಚರ್ಚೆಯು ಹಳೆಯ ತಪ್ಪಿನ ಬಗ್ಗೆ ಇರುವುದಿಲ್ಲ, ಆತನ ಪ್ರಾಮಾಣಿಕತೆಯ ಬಗ್ಗೆ ಇರುತ್ತದೆ. ನೌಕರಿಗೆ ಸೇರಿ, ಮದುವೆಯಾಗಿ, ಮನೆಸಾಲ ತೆಗೆದ ಮೇಲೆ ಪರಿಶೀಲನಾ ವರದಿ ಬಂದು ಸೇವೆ ಕೊನೆಗೊಳ್ಳುವ ಸಂಭವವೂ ಉಂಟು.

ಅಂಕಣದಲ್ಲಿ ಬರೆಯಬೇಕಾದ ಉತ್ತರ ಚಿಕ್ಕದಾಗಿರಲಿ. ಮೊಕದ್ದಮೆಯ ಸಂಖ್ಯೆ, ನ್ಯಾಯಾಲಯದ ಹೆಸರು, ಕಲಮುಗಳು, ಆದೇಶದ ದಿನಾಂಕ ಇವಿಷ್ಟನ್ನು ಬರೆದು, "ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮ, 1958ರ ಕಲಂ 4ರಡಿ ಬಿಡುಗಡೆ ಮಾಡಲಾಗಿದೆ, ಮುಚ್ಚಳಿಕೆಯ ಅವಧಿ ಯಾವುದೇ ಉಲ್ಲಂಘನೆಯಿಲ್ಲದೆ ಮುಗಿದಿರುತ್ತದೆ, ಸದರಿ ಅಧಿನಿಯಮದ ಕಲಂ 12ರ ಕಡೆಗೆ ಗಮನ ಸೆಳೆಯಬಯಸುತ್ತೇನೆ" ಎಂದು ಸೇರಿಸಿ, ಆದೇಶದ ದೃಢೀಕೃತ ನಕಲನ್ನು ಲಗತ್ತಿಸುವುದು. ಜಗಳಕ್ಕೆ ಯಾರು ಕಾರಣರು, ದೂರು ಎಷ್ಟು ಸುಳ್ಳು ಎಂಬ ಕಥನ ಅಲ್ಲಿ ಬೇಕಾಗಿಲ್ಲ.

ಗಡಿನಾಡಿನವರು ಮತ್ತೊಂದು ವಿಷಯವನ್ನು ಗಮನಿಸತಕ್ಕದ್ದು. ಸುಳ್ಯದ ಆಚೆಗೆ ಕಾಸರಗೋಡಿನಲ್ಲಿಯೋ ಮಡಿಕೇರಿಯಲ್ಲಿಯೋ ದಾಖಲಾದ ಮೊಕದ್ದಮೆಯು ತಮ್ಮ ಊರಿನ ಠಾಣೆಯ ವರದಿಯಲ್ಲಿ ಕಾಣಿಸದೆ ಹೋಗಬಹುದು. ಆದರೆ ನಮೂನೆಯ ಪ್ರಶ್ನೆಯು ಊರಿನ ಠಾಣೆಗೆ ಸೀಮಿತವಾಗಿರುವುದಿಲ್ಲ.

ಬೇರೆ ಬೇರೆ ಉದ್ಯೋಗಗಳಲ್ಲಿ ಸ್ಥಿತಿ

ಈಗಾಗಲೇ ಸರ್ಕಾರಿ ಸೇವೆಯಲ್ಲಿರುವವರಿಗೆ ಕಲಂ 12 ಪೂರ್ಣ ಕವಚವಲ್ಲ. ಸಂವಿಧಾನದ 311(2)ನೇ ಅನುಚ್ಛೇದದ ಪರಂತುಕದ ಪ್ರಕಾರ, ಅಪರಾಧ ನಿರ್ಣಯಕ್ಕೆ ಕಾರಣವಾದ ನಡತೆಗಾಗಿ ವಿಚಾರಣೆಯಿಲ್ಲದೆಯೂ ವಜಾ ಮಾಡಬಹುದಾಗಿದೆ. ದೆಹಲಿಯ ಹಾಲು ಸರಬರಾಜು ಸಂಸ್ಥೆಯ ನಗದು ಗುಮಾಸ್ತರೊಬ್ಬರ ಪ್ರಕರಣ ಇದಕ್ಕೆ ನಿದರ್ಶನ. ಮಗನ ಸಾವು ಮತ್ತು ಮನೆಯವರ ಕಾಯಿಲೆಯ ನಡುವೆ ಅವರು 500 ರೂಪಾಯಿ ಬಳಸಿಕೊಂಡಿದ್ದರು; ಹಣವನ್ನು ಹಿಂದಿರುಗಿಸಿ ತಪ್ಪೊಪ್ಪಿಕೊಂಡಾಗ ಮ್ಯಾಜಿಸ್ಟ್ರೇಟರು ಕಲಂ 4ರಡಿ ಬಿಡುಗಡೆ ಮಾಡಿದರು. ಆದರೂ ಇಲಾಖೆ ವಜಾಗೊಳಿಸಿತು. 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸೇವೆಯಿಂದ ವಜಾ ಮಾಡುವುದು ಕಲಂ 12ರಲ್ಲಿ ಹೇಳಿದ "ಅನರ್ಹತೆ" ಅಲ್ಲವೆಂದು ಸ್ಪಷ್ಟಪಡಿಸಿತು. ಹಾಗೆಯೇ, ವಜಾ ಮಾಡುವ ಅಧಿಕಾರವನ್ನು ನ್ಯಾಯಯುತವಾಗಿ ಬಳಸಬೇಕೆಂದು ತಿಳಿಸಿ, ಈ ಪ್ರಕರಣದಲ್ಲಿ ದಂಡನೆ ವಿವೇಚನಾರಹಿತವಾಗಿದೆಯೆಂದು ಅವರನ್ನು ಸೇವೆಗೆ ಮರಳಿಸಿತು. ಹೊಸದಾಗಿ ಸೇವೆಗೆ ಸೇರುವವರ ಸ್ಥಿತಿ ಇದಕ್ಕಿಂತ ಉತ್ತಮ. ಏಕೆಂದರೆ ನಿಯಮಗಳಲ್ಲಿರುವ ಅನರ್ಹತೆಯೇ ಅವರಿಗೆ ಅಡ್ಡಿಯಾಗುವಂಥದ್ದು, ಅದನ್ನೇ ಕಲಂ 12 ನಿವಾರಿಸುತ್ತದೆ.

ಬ್ಯಾಂಕುಗಳಿಗೆ 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಕಲಂ 10 ಅನ್ವಯಿಸುತ್ತದೆ. ನೈತಿಕ ಅಧಃಪತನವನ್ನು ಒಳಗೊಂಡ ಅಪರಾಧದಲ್ಲಿ ದೋಷಿಯಾದವರನ್ನು ಬ್ಯಾಂಕು ನೌಕರಿಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೊಡೆದಾಟವೊಂದರಲ್ಲಿ ಗಾಯಗೊಳಿಸಿದ್ದಕ್ಕೆ ದೋಷಿಯಾಗಿ, ಮೇಲ್ಮನವಿಯಲ್ಲಿ ಪ್ರೊಬೇಷನ್ ಪಡೆದಿದ್ದ ಬ್ಯಾಂಕು ನೌಕರರೊಬ್ಬರ ಪ್ರಕರಣದಲ್ಲಿ, ಅದು ನೈತಿಕ ಅಧಃಪತನದ ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪು ನೀಡಿದೆ. ಕಳವು, ವಂಚನೆ, ನಂಬಿಕೆದ್ರೋಹದ ಪ್ರಕರಣಗಳಲ್ಲಿ ಇಂತಹ ವಾದ ನಿಲ್ಲುವುದು ಕಠಿಣ.

ಖಾಸಗಿ ಸಂಸ್ಥೆಗಳು ತಮ್ಮದೇ ನಿಯಮಗಳನ್ನು ಹೊಂದಿರುತ್ತವೆ. ಕಲಂ 12 ಕಾನೂನಿನಿಂದ ಒದಗುವ ಅನರ್ಹತೆಯನ್ನು ನಿವಾರಿಸುತ್ತದೆಯೇ ಹೊರತು, ಮಾಲೀಕನ ಇಷ್ಟಾನಿಷ್ಟವನ್ನಲ್ಲ. ವಿದೇಶಿ ರಾಯಭಾರ ಕಚೇರಿಗಳ ವೀಸಾ ನಮೂನೆಗಳೂ ಆಯಾ ದೇಶದ ಕಾನೂನಿಗೆ ಒಳಪಟ್ಟಿರುತ್ತವೆ.

ಪಾಸ್‌ಪೋರ್ಟ್ ವಿಷಯದಲ್ಲಿ ಜನರಿಗೆ ಇರುವ ಭಯ ಅವಶ್ಯಕತೆಗಿಂತ ಹೆಚ್ಚು. 1967ರ ಪಾಸ್‌ಪೋರ್ಟ್ ಅಧಿನಿಯಮದ ಕಲಂ 6ರ ಪ್ರಕಾರ, ಅರ್ಜಿಯ ಹಿಂದಿನ ಐದು ವರ್ಷಗಳಲ್ಲಿ ನೈತಿಕ ಅಧಃಪತನದ ಅಪರಾಧಕ್ಕಾಗಿ ಎರಡು ವರ್ಷಗಳಿಗೆ ಕಡಿಮೆಯಿಲ್ಲದ ಕಾರಾವಾಸದ ಶಿಕ್ಷೆಯಾಗಿದ್ದರೆ ನಿರಾಕರಿಸಬಹುದು. ಪ್ರೊಬೇಷನ್‌ನಲ್ಲಿ ಕಾರಾವಾಸದ ಶಿಕ್ಷೆಯೇ ಆಗಿರುವುದಿಲ್ಲ. ಮೊಕದ್ದಮೆ ಇನ್ನೂ ನಡೆಯುತ್ತಿರುವವರು ಮಾತ್ರ ಸಂಬಂಧಪಟ್ಟ ನ್ಯಾಯಾಲಯದ ಅನುಮತಿ ಪಡೆಯಬೇಕಾಗುತ್ತದೆ.

ಮುಚ್ಚಳಿಕೆಯ ಅವಧಿಯಲ್ಲಿ

ಆದೇಶದಲ್ಲಿ ವಾಸಸ್ಥಳದ ಷರತ್ತು ಇದ್ದಲ್ಲಿ, ಬೆಂಗಳೂರಿಗೋ ದುಬೈಗೋ ಹೇಳದೆ ಹೋಗುವುದು ಮುಚ್ಚಳಿಕೆಯ ಉಲ್ಲಂಘನೆಯಾಗಬಹುದು. ಕಲಂ 8ರಡಿ ಷರತ್ತುಗಳನ್ನು ಬದಲಾಯಿಸುವ ಅಧಿಕಾರ ನ್ಯಾಯಾಲಯಕ್ಕಿದ್ದು, ನಡತೆಯು ತೃಪ್ತಿಕರವಾಗಿದ್ದಲ್ಲಿ ಅವಧಿಗೆ ಮುನ್ನವೇ ಮುಚ್ಚಳಿಕೆಯಿಂದ ಮುಕ್ತಗೊಳಿಸಲೂಬಹುದು. ಉದ್ಯೋಗದ ಪತ್ರ ಕೈಗೆ ಬಂದ ಕೂಡಲೇ ಅದರ ಪ್ರತಿಯೊಡನೆ ಅರ್ಜಿ ಸಲ್ಲಿಸತಕ್ಕದ್ದು. ಉಲ್ಲಂಘನೆಯಾದಲ್ಲಿ ಕಲಂ 9ರಡಿ ನ್ಯಾಯಾಲಯವು ಮೂಲ ಅಪರಾಧಕ್ಕೆ ಶಿಕ್ಷೆ ವಿಧಿಸಬಹುದು. ಮೊದಲ ಬಾರಿಯ ಉಲ್ಲಂಘನೆಗೆ 50 ರೂಪಾಯಿಗೆ ಮೀರದ ದಂಡ ವಿಧಿಸಿ ಮುಚ್ಚಳಿಕೆಯನ್ನು ಮುಂದುವರಿಸಲೂಬಹುದು.

ಪರಿವೀಕ್ಷಣಾಧಿಕಾರಿಯನ್ನು ಜನರು ಸಾಮಾನ್ಯವಾಗಿ ಕಾವಲುಗಾರನಂತೆ ಕಾಣುತ್ತಾರೆ. ಮೇಲ್ವಿಚಾರಣೆಯಲ್ಲಿರುವವರಿಗೆ ಅವಶ್ಯವಿದ್ದಲ್ಲಿ ಸೂಕ್ತ ಉದ್ಯೋಗ ದೊರಕಿಸಿಕೊಡಲು ಯತ್ನಿಸುವುದು ಕಲಂ 14ರ ಪ್ರಕಾರ ಆ ಅಧಿಕಾರಿಯ ಕರ್ತವ್ಯಗಳಲ್ಲೊಂದು. ಇದನ್ನು ಕೇಳುವವರು ವಿರಳ. ಕೇಳುವ ಹಕ್ಕು ಇದೆ.

ದಾಖಲೆಗಳನ್ನು ಪಡೆಯುವ ಸ್ಥಳ

ಆದೇಶದ ದೃಢೀಕೃತ ನಕಲನ್ನು, ಆದೇಶ ಮಾಡಿದ ನ್ಯಾಯಾಲಯದ ನಕಲು ಶಾಖೆಯಲ್ಲಿ ಅರ್ಜಿ ಸಲ್ಲಿಸಿ ಪಡೆಯತಕ್ಕದ್ದು. ಕಡಬವು ಪುತ್ತೂರು ಮತ್ತು ಸುಳ್ಯ ತಾಲ್ಲೂಕುಗಳ ಗ್ರಾಮಗಳನ್ನು ಸೇರಿಸಿ ರಚನೆಯಾದ ತಾಲ್ಲೂಕು. ಆದುದರಿಂದ ಅಲ್ಲಿನವರ ಹಳೆಯ ಪ್ರಕರಣದ ಕಡತವು ಪುತ್ತೂರಿನಲ್ಲಿದೆಯೋ ಸುಳ್ಯದಲ್ಲಿದೆಯೋ ಎಂಬುದನ್ನು ಈಗಿನ ವಿಳಾಸದಿಂದ ಊಹಿಸದೆ, ಹಳೆಯ ಸಮನ್ಸು ಅಥವಾ 16 ಅಂಕಿ-ಅಕ್ಷರಗಳ ಸಿ.ಎನ್.ಆರ್. ಸಂಖ್ಯೆಯ ನೆರವಿನಿಂದ ಖಚಿತಪಡಿಸಿಕೊಳ್ಳುವುದು. ಮುಚ್ಚಳಿಕೆಯ ಅವಧಿ ಉಲ್ಲಂಘನೆಯಿಲ್ಲದೆ ಮುಗಿದಿದೆಯೆಂಬ ಬಗ್ಗೆ ಕಡತದಲ್ಲಿರುವ ಹಾಳೆಯ ನಕಲನ್ನೂ ಅದೇ ಅರ್ಜಿಯಲ್ಲಿ ಕೇಳಿಕೊಳ್ಳುವುದು ಒಳಿತು.

ಉದ್ಯೋಗಕ್ಕಾಗಿ ಪೊಲೀಸ್ ಪರಿಶೀಲನೆಯ ಅರ್ಜಿಯನ್ನು ಸೇವಾ ಸಿಂಧು ಜಾಲತಾಣದ ಮೂಲಕ ಸಲ್ಲಿಸಬಹುದು. ಈ ಮೂರು ತಾಲ್ಲೂಕುಗಳು ದಕ್ಷಿಣ ಕನ್ನಡ ಜಿಲ್ಲಾ ಪೊಲೀಸ್ ಅಧೀಕ್ಷಕರ ವ್ಯಾಪ್ತಿಗೆ ಬರುತ್ತವೆಯೇ ಹೊರತು ಮಂಗಳೂರು ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಗಲ್ಲ. ವಿದೇಶಕ್ಕೆ ಹೊರಡುವವರಿಗೆ ಬೇಕಾಗುವ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಪ್ರಾಧಿಕಾರವು ನೀಡುತ್ತದೆ. ಅದಕ್ಕೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿಯೇ ಅರ್ಜಿ ಸಲ್ಲಿಸತಕ್ಕದ್ದು.

ಅಪರಾಧ ನಿರ್ಣಯವೇ ತಪ್ಪೆಂದು ಭಾವಿಸುವವರು ಮುಚ್ಚಳಿಕೆ ಬರೆದುಕೊಟ್ಟಿದ್ದರೂ ಕಲಂ 11ರಡಿ ಮೇಲ್ಮನವಿ ಸಲ್ಲಿಸಬಹುದು. ಸತ್ರ ನ್ಯಾಯಾಲಯಕ್ಕೆ ಸಲ್ಲಿಸುವ ಮೇಲ್ಮನವಿಗೆ ಕಾಲಮಿತಿ 30 ದಿನಗಳು. ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಕೈಗಾರಿಕಾ ಕಾರ್ಮಿಕರು ಹಾಗೂ ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ರಾಷ್ಟ್ರೀಯ ಕಾನೂನು ನೆರವಿನ ದೂರವಾಣಿ ಸಂಖ್ಯೆ 15100. ಕರೆ ಮಾಡುವಾಗ ಮೊಕದ್ದಮೆಯ ಸಂಖ್ಯೆ ಮತ್ತು ಆದೇಶದ ದಿನಾಂಕವನ್ನು ಕೈಯಲ್ಲಿ ಇಟ್ಟುಕೊಂಡಿರತಕ್ಕದ್ದು.